ಐದು ಮೈಲಿಯ ಗಡಿ: ಮ್ಯಾಡಿಸನ್ ನಗರದ ಹಾಲಿನ ಕಟ್ಟಳೆ ಮತ್ತು ತಪಾಸಣಾ ಶುಲ್ಕದ ಪ್ರಶ್ನೆ

1951ರ ಜನವರಿ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ ಮ್ಯಾಡಿಸನ್ ನಗರಸಭೆಯ ಹಾಲಿನ ಕಟ್ಟಳೆಯೊಂದನ್ನು ತಳ್ಳಿಹಾಕಿತು. ಮ್ಯಾಡಿಸನ್ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ. ಹೈನುಗಾರಿಕೆಯನ್ನೇ ನೆಚ್ಚಿಕೊಂಡ ಸೀಮೆ ಅದು. ಇಲಿನಾಯ್ ರಾಜ್ಯದ ಡೀನ್ ಮಿಲ್ಕ್ ಎಂಬ ಕಂಪನಿ ಆ ನಗರದಲ್ಲಿ ಹಾಲು ಮಾರಲು ಪರವಾನಗಿ ಕೇಳಿತ್ತು, ನಗರ ಕೊಡಲಿಲ್ಲ. ಕೊಳಕು ಹಾಲೆಂದಾಗಲಿ, ನೀರು ಬೆರೆಸಿದ ಹಾಲೆಂದಾಗಲಿ ಹೇಳಿ ನಿರಾಕರಿಸಿದ್ದಲ್ಲ. ಕಂಪನಿ ಹಾಲನ್ನು ಪಾಶ್ಚರೀಕರಿಸುವ, ಅಂದರೆ ಕಾಯಿಸಿ ರೋಗಾಣುಗಳನ್ನು ಕೊಲ್ಲುವ, ಘಟಕಗಳು ಊರಿನ ನಡುಚೌಕದಿಂದ ಐದು ಮೈಲಿಗಿಂತ ದೂರ ಇವೆ ಎಂಬುದೊಂದೇ ಕಾರಣ.

ಕಾನೂನು ವಿದ್ಯಾರ್ಥಿಗಳು ಇದನ್ನು ಅಂತರರಾಜ್ಯ ವ್ಯಾಪಾರದ ಪಾಠವಾಗಿ ಓದುತ್ತಾರೆ. ಆದರೆ ಈ ತೀರ್ಪಿನ ನಡುವೆ ಒಂದೇ ವಾಕ್ಯದಲ್ಲಿ ಬಂದುಹೋಗುವ ತಪಾಸಣಾ ಶುಲ್ಕದ ಮಾತು ನನಗೆ ಅದಕ್ಕಿಂತ ಮುಖ್ಯ. ಹಾಲು ಹಾಕುವವರಿಂದ ನಗರಾಡಳಿತ ಏನನ್ನು ಕೇಳಬಹುದು, ಎಷ್ಟು ವಸೂಲಿ ಮಾಡಬಹುದು, ಯಾವ ಹಂತದಲ್ಲಿ ಆರೋಗ್ಯದ ಕಾಳಜಿ ಪೇಟೆಯ ಕಾವಲಾಗಿ ಬದಲಾಗುತ್ತದೆ ಎಂಬ ಪ್ರಶ್ನೆಗಳೆಲ್ಲ ಆ ವಾಕ್ಯದ ಸುತ್ತ ಬಂದು ನಿಲ್ಲುತ್ತವೆ.

ನಗರಗಳು ಹಾಲಿನ ಮೇಲೆ ಕಣ್ಣಿಟ್ಟದ್ದು ಏಕೆ

ಇದನ್ನು ಮೊದಲು ಹೇಳದೆ ಹೋದರೆ ಮ್ಯಾಡಿಸನ್‌ಗೆ ಅನ್ಯಾಯವಾಗುತ್ತದೆ. ಕ್ಷಯ, ವಿಷಮಶೀತ ಜ್ವರ, ಡಿಫ್ತೀರಿಯಾ ಇವೆಲ್ಲ ಹಾಲಿನ ಮೂಲಕ ಮನೆಮನೆಗೆ ಹೋಗುತ್ತಿದ್ದ ಕಾಲ ಅದು. 1938ರ ಹೊತ್ತಿಗೂ ಅಮೆರಿಕದಲ್ಲಿ ಕೆಟ್ಟ ಆಹಾರ ಮತ್ತು ಮಲಿನ ನೀರಿನಿಂದ ಹಬ್ಬಿದ ರೋಗಪ್ರಕರಣಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕೆ ಹಾಲೇ ಕಾರಣವಾಗಿತ್ತು. ಪಾಶ್ಚರೀಕರಣವನ್ನು ಕಡ್ಡಾಯ ಮಾಡುವತ್ತ ದೊಡ್ಡ ನಗರಗಳಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಷಿಕಾಗೋ, 1908ರಲ್ಲಿ. 1924ರಲ್ಲಿ ಸಾರ್ವಜನಿಕ ಆರೋಗ್ಯ ಸೇವೆ ಎಂಬ ಕೇಂದ್ರ ಸಂಸ್ಥೆ ಒಂದು ಮಾದರಿ ಹಾಲಿನ ಕಟ್ಟಳೆಯನ್ನು ರೂಪಿಸಿತು. ಅದು ಕಡ್ಡಾಯವಲ್ಲ, ಬೇಕಾದ ಊರು ತನ್ನದಾಗಿ ಮಾಡಿಕೊಳ್ಳಬಹುದಿತ್ತು.

ನ್ಯಾಯಾಲಯಗಳೂ ನಗರಗಳ ಬೆನ್ನಿಗಿದ್ದವು. ಆರೋಗ್ಯ ಮಂಡಳಿಯ ಅನುಮತಿ ಇಲ್ಲದೆ ಹಾಲು ಮಾರುವಂತಿಲ್ಲ ಎಂಬ ನ್ಯೂಯಾರ್ಕ್‌ನ ನಿಯಮವನ್ನು ಸುಪ್ರೀಂ ಕೋರ್ಟ್ 1905ರಲ್ಲೇ ಎತ್ತಿಹಿಡಿದಿತ್ತು. ಹೊರಗಿನಿಂದ ಬರುವ ಹಾಲು ಕ್ಷಯ ಪರೀಕ್ಷೆಯಾದ ಹಸುಗಳದ್ದೇ ಆಗಿರಬೇಕು ಎಂದು ವಿಸ್ಕಾನ್ಸಿನ್‌ನದೇ ಆದ ಮಿಲ್ವಾಕಿ ನಗರ ಹಾಕಿದ ಷರತ್ತು 1913ರಲ್ಲಿ ಊರ್ಜಿತವಾಯಿತು. ಹಾಲಿನ ಮೇಲೆ ನಗರಕ್ಕೆ ಅಧಿಕಾರವಿದೆಯೇ ಎಂಬುದು 1951ರಲ್ಲಿ ಯಾರ ಪ್ರಶ್ನೆಯೂ ಆಗಿರಲಿಲ್ಲ.

ತಪಾಸಣೆ ಎಂದರೆ ಕಾಗದದ ಮೇಲೆ ಮುದ್ರೆ ಒತ್ತುವ ಕೆಲಸವಲ್ಲ. ತಪಾಸಕ ಕೊಟ್ಟಿಗೆಯೊಳಗೆ ನಿಂತು ನೋಡಬೇಕು. ಹಾಲು ಕರೆಯುವ ಜಾಗ ಮತ್ತು ಹಾಲು ಇಡುವ ಕೋಣೆ ಬೇರೆ ಬೇರೆ ಇವೆಯೇ, ಬಾವಿಯ ನೀರು ಎಲ್ಲಿಂದ ಬರುತ್ತದೆ, ಗಂಜಲ ಹರಿದುಹೋಗುವ ದಾರಿ ಯಾವುದು, ಕೆಚ್ಚಲು ತೊಳೆದೇ ಕರೆಯುತ್ತಾರೆಯೇ, ಕರೆದ ಹಾಲು ಎಷ್ಟು ಹೊತ್ತಿನಲ್ಲಿ ತಂಪಾಗುತ್ತದೆ, ಕ್ಯಾನಿನ ಅಂಚಿನಲ್ಲಿ ಹಳೆಯ ಹಾಲಿನ ಪೊರೆ ಒಣಗಿ ಕೂತಿದೆಯೇ ಎಂದು ಪರೀಕ್ಷಿಸಬೇಕು. ಘಟಕಕ್ಕೆ ಬಂದರೆ ಉಷ್ಣತೆ ಬರೆದಿಡುವ ಉಪಕರಣದ ಕಾಗದ ನೋಡಬೇಕು. ದೊಡ್ಡ ತೊಟ್ಟಿಯಲ್ಲಿ ಹಾಲು ಕಾಯಿಸುವ ಹಳೆಯ ಪದ್ಧತಿಯಲ್ಲಿ ಸುಮಾರು 63 ಡಿಗ್ರಿ ಸೆಲ್ಸಿಯಸ್ ಶಾಖ ಪೂರ್ತಿ 30 ನಿಮಿಷ ನಿಲ್ಲಬೇಕು. ಆ ದುಂಡನೆಯ ಕಾಗದದ ಮೇಲೆ ಲೇಖನಿ ಎಳೆದ ಗೆರೆ ನಡುವೆ ಎಲ್ಲಾದರೂ ಕೆಳಗಿಳಿದಿದ್ದರೆ, ಅಂದು ಬೆಳಗ್ಗೆ ಬಾಟಲಿಗೆ ತುಂಬಿದ ಹಾಲು ಪಾಶ್ಚರೀಕರಿಸಿದ ಹಾಲಲ್ಲ. ಇಷ್ಟನ್ನೂ ನೋಡಲು ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು, ಓಡಾಡಲು ವಾಹನ ಬೇಕು, ಮಾದರಿಗಳನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕು. ಶುಲ್ಕದ ಪ್ರಶ್ನೆ ಹುಟ್ಟುವುದು ಈ ಖರ್ಚಿನಿಂದ.

ಕಟ್ಟಳೆ ಹೇಳಿದ್ದೇನು

ಮ್ಯಾಡಿಸನ್ ಕಟ್ಟಳೆಯ ಎರಡು ವಿಧಿಗಳು ವಿವಾದಕ್ಕೆ ಒಳಗಾದವು. ಮೊದಲನೆಯದರ ಪ್ರಕಾರ, ನಗರದ ನಡುಚೌಕದಿಂದ ಐದು ಮೈಲಿ ದೂರದೊಳಗಿನ, ನಗರ ಒಪ್ಪಿದ ಘಟಕದಲ್ಲಿ ಪಾಶ್ಚರೀಕರಿಸಿ ಬಾಟಲಿಗೆ ತುಂಬಿದ ಹಾಲನ್ನು ಮಾತ್ರ ಪಾಶ್ಚರೀಕರಿಸಿದ ಹಾಲೆಂದು ಮಾರಬಹುದು. ಎರಡನೆಯದರ ಪ್ರಕಾರ, ಹಾಲು ಬರುವ ಮೂಲವನ್ನು ಮ್ಯಾಡಿಸನ್ ಅಧಿಕಾರಿಗಳೇ ತಪಾಸಣೆ ಮಾಡಿ ಪರವಾನಗಿ ಕೊಟ್ಟಿರಬೇಕು. ಆದರೆ ನಗರಮಧ್ಯದಿಂದ 25 ಮೈಲಿಗಿಂತ ಆಚೆಗಿನ ಹೈನು ತೋಟಗಳನ್ನು ತಪಾಸಣೆ ಮಾಡುವ ಹೊಣೆ ನಗರಕ್ಕಿಲ್ಲ. ತಪಾಸಣೆಯಾಗದೆ ಪರವಾನಗಿ ಇಲ್ಲ, 25 ಮೈಲಿ ದಾಟಿದರೆ ತಪಾಸಣೆ ಮಾಡಲೇಬೇಕೆಂಬ ಕಟ್ಟುಪಾಡೂ ಇಲ್ಲ.

ಡೀನ್ ಕಂಪನಿ ಉತ್ತರ ಇಲಿನಾಯ್ ಮತ್ತು ದಕ್ಷಿಣ ವಿಸ್ಕಾನ್ಸಿನ್‌ನ ಸುಮಾರು 950 ತೋಟಗಳಿಂದ ಹಾಲು ಕೊಳ್ಳುತ್ತಿತ್ತು. ಅವುಗಳಲ್ಲಿ ಒಂದೂ ಮ್ಯಾಡಿಸನ್‌ನ 25 ಮೈಲಿಯೊಳಗೆ ಇರಲಿಲ್ಲ. ಅದರ ಘಟಕಗಳು ಇಲಿನಾಯ್‌ನ ಚೆಮಂಗ್ ಮತ್ತು ಹಂಟ್ಲಿ ಎಂಬ ಊರುಗಳಲ್ಲಿದ್ದವು, ಮ್ಯಾಡಿಸನ್‌ನಿಂದ ಸುಮಾರು 65 ಮತ್ತು 85 ಮೈಲಿ ದೂರದಲ್ಲಿ. ಆ ತೋಟಗಳಿಗೂ ಘಟಕಗಳಿಗೂ ಷಿಕಾಗೋ ಆರೋಗ್ಯಾಧಿಕಾರಿಗಳ ಪರವಾನಗಿ ಮತ್ತು ತಪಾಸಣೆ ಇತ್ತು. ಷಿಕಾಗೋದ ಕಟ್ಟಳೆಯೂ ಮ್ಯಾಡಿಸನ್‌ನ ಕಟ್ಟಳೆಯೂ ಬಹುಪಾಲು ಅದೇ ಕೇಂದ್ರ ಮಾದರಿಯ ಮೇಲೆ ಬರೆದವು. ಡೀನ್ ಹಾಲಿಗೆ ‘ಗ್ರೇಡ್ ಎ’, ಅಂದರೆ ಮೇಲ್ದರ್ಜೆಯ ಹಾಲು ಎಂಬ ಚೀಟಿಯಿತ್ತು. ವಿಚಾರಣೆ ನಡೆದ ಹೊತ್ತಿನಲ್ಲಿ ಮ್ಯಾಡಿಸನ್ ಪೇಟೆಯಲ್ಲಿ ಗ್ರೇಡ್ ಎ ಚೀಟಿಯ ಹಾಲೇ ಸಿಗುತ್ತಿರಲಿಲ್ಲ.

ಇನ್ನೊಂದು ಕಡೆ, ಮ್ಯಾಡಿಸನ್ ಇರುವ ಡೇನ್ ಕೌಂಟಿಯಲ್ಲಿ ಸುಮಾರು 5,600 ಹೈನು ತೋಟಗಳಿದ್ದವು. ವರ್ಷಕ್ಕೆ 60 ಕೋಟಿ ಪೌಂಡ್‌ಗಿಂತ ಹೆಚ್ಚು ಹಾಲು, ನಗರಕ್ಕೆ ಬೇಕಾದದ್ದರ ಹತ್ತು ಪಟ್ಟಿಗೂ ಮೀರಿ. ಮಿಕ್ಕ ಹಾಲು ಷಿಕಾಗೋ ಮೊದಲಾದ ದೂರದ ಪೇಟೆಗಳಿಗೆ ಹೋಗುತ್ತಿತ್ತು, ಉಳಿದದ್ದು ಬೆಣ್ಣೆ, ಚೀಸ್ ಆಗುತ್ತಿತ್ತು. ಡೇನ್ ಕೌಂಟಿಯ ರೈತರು ತಮ್ಮ ಹಾಲನ್ನು ಷಿಕಾಗೋಗೆ ಕಳಿಸುತ್ತಿದ್ದಾಗ, ಷಿಕಾಗೋದವರು ತಪಾಸಣೆ ಮಾಡಿದ ಹಾಲು ಮ್ಯಾಡಿಸನ್‌ಗೆ ಬರುವಂತಿರಲಿಲ್ಲ. ಪ್ರಕರಣದ ಕಾಗದಪತ್ರಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಈ ಸಂಗತಿ.

ವಿಸ್ಕಾನ್ಸಿನ್‌ನ ಸುಪ್ರೀಂ ಕೋರ್ಟ್ ಐದು ಮೈಲಿಯ ವಿಧಿಯನ್ನು ಎತ್ತಿಹಿಡಿಯಿತು, 25 ಮೈಲಿಯ ಪ್ರಶ್ನೆಯೊಳಗೆ ಹೋಗಲಿಲ್ಲ. ಕಂಪನಿ ವಾಷಿಂಗ್ಟನ್‌ನ ಮೆಟ್ಟಿಲೇರಿತು.

ಬಹುಮತದ ತೀರ್ಪು

ಆರು ನ್ಯಾಯಮೂರ್ತಿಗಳ ಪರವಾಗಿ ತೀರ್ಪು ಬರೆದವರು ಟಾಮ್ ಕ್ಲಾರ್ಕ್. ಹಾಲಿನ ನೈರ್ಮಲ್ಯ ಕಾಯುವ ಅಧಿಕಾರ ನಗರಕ್ಕಿದೆ ಎಂದು ಅವರು ಮೊದಲೇ ಒಪ್ಪಿಕೊಂಡರು. ಕೆಲವು ವಿಷಯಗಳಲ್ಲಿ ಮ್ಯಾಡಿಸನ್‌ನ ನಿಯಮ ಷಿಕಾಗೋದ್ದಕ್ಕಿಂತ ಬಿಗಿ ಎಂಬ ನಗರದ ವಾದವನ್ನೂ ನಿಜವೆಂದೇ ಇಟ್ಟುಕೊಂಡರು. ಆದರೆ ಕಟ್ಟಳೆಯ ನಿಜವಾದ ಪರಿಣಾಮ ಏನು? ಇಲಿನಾಯ್‌ನಲ್ಲಿ ಪಾಶ್ಚರೀಕರಿಸಿದ ಒಳ್ಳೆಯ ಹಾಲು ಮ್ಯಾಡಿಸನ್‌ಗೆ ಬರದಂತಾಗುತ್ತದೆ, ಸ್ಥಳೀಯ ಉದ್ಯಮಕ್ಕೆ ಹೊರಗಿನ ಪೈಪೋಟಿ ತಪ್ಪುತ್ತದೆ. ವಿಸ್ಕಾನ್ಸಿನ್‌ನದೇ ಬೇರೆ ಊರುಗಳ ಹಾಲಿಗೂ ಇದೇ ಅಡ್ಡಿ ಇದೆಯಲ್ಲ ಎಂಬ ಸಮಾಧಾನವನ್ನು ಅವರು ಒಂದು ಅಡಿಟಿಪ್ಪಣಿಯಲ್ಲಿ ಬದಿಗಿಟ್ಟರು. ಆರೋಗ್ಯದ ಹೆಸರಿನಲ್ಲಾದರೂ, ತಾರತಮ್ಯವಿಲ್ಲದ ಬೇರೆ ಯುಕ್ತ ದಾರಿಗಳು ಇರುವಾಗ ಇಂಥ ತಡೆ ಸಲ್ಲದು ಎಂಬುದು ಅವರ ತೀರ್ಮಾನ.

ಆ ದಾರಿಗಳಲ್ಲಿ ಮೊದಲನೆಯದು ಶುಲ್ಕ. ದೂರದ ಹಾಲಿನ ಮೂಲಗಳನ್ನು ತನ್ನದೇ ಅಧಿಕಾರಿಗಳು ನೋಡಬೇಕೆಂದು ನಗರ ಬಯಸಿದರೆ ಅದಕ್ಕೇನೂ ಕಷ್ಟವಿಲ್ಲ, ತಪಾಸಣೆಗೆ ತಗಲುವ ವಾಸ್ತವಿಕವಾದ, ಯುಕ್ತವಾದ ವೆಚ್ಚವನ್ನು ಹಾಲು ತರುವ ಉತ್ಪಾದಕರಿಂದಲೂ ಸಂಸ್ಕರಣೆ ಮಾಡುವವರಿಂದಲೂ ವಸೂಲಿ ಮಾಡಬಹುದು ಎಂದರು ಕ್ಲಾರ್ಕ್. ‘ವಾಸ್ತವಿಕ’, ‘ಯುಕ್ತ’ ಎಂಬ ಎರಡೂ ಮಾತು ಅಲ್ಲಿ ಬೇಕೇಬೇಕು. ಅದಕ್ಕೆ ಆಧಾರವಾಗಿ ತೋರಿಸಿದ ಪ್ರಕರಣಗಳಲ್ಲಿ ಒಂದು 1928ರದ್ದು. ಇಂಡಿಯಾನಾದ ಸೌತ್ ಬೆಂಡ್ ನಗರ ಬಸ್ಸಿನ ಮಾಲೀಕನೊಬ್ಬನಿಗೆ ವಿಧಿಸಿದ್ದ ಪರವಾನಗಿ ಶುಲ್ಕದ ವ್ಯಾಜ್ಯ ಅದು. ತಪಾಸಣೆಯ ಖರ್ಚು ಭರಿಸಲು ಶುಲ್ಕ ವಿಧಿಸಬಹುದು, ಆದರೆ ಮೊತ್ತ ಆ ಖರ್ಚನ್ನು ಮೀರುವಂತಿಲ್ಲ ಎಂಬ ತತ್ತ್ವವನ್ನು ನ್ಯಾಯಮೂರ್ತಿ ಬ್ರಾಂಡೈಸ್ ಅಲ್ಲಿ ಗಟ್ಟಿಮಾಡಿದ್ದರು.

ಎರಡನೆಯ ದಾರಿ ಕೇಂದ್ರ ಮಾದರಿಯ 11ನೇ ವಿಧಿ. ಅದರಲ್ಲಿ ದೂರದ ಮಾತೇ ಇಲ್ಲ. ಹಾಲು ಬರುವ ಊರಿನ ಮಾನದಂಡ ಹಾಲು ಕುಡಿಯುವ ಊರಿನ ಮಾನದಂಡಕ್ಕೆ ಸಮನಾಗಿರಬೇಕು, ಅಷ್ಟೆ. ಅಲ್ಲಿನ ಅಧಿಕಾರಿಗಳು ಕೊಟ್ಟ ಅಂಕಗಳು ಸರಿಯೇ ಎಂದು ಸಾರ್ವಜನಿಕ ಆರೋಗ್ಯ ಸೇವೆ ಆಗಾಗ ಹಠಾತ್ತನೆ ಹೋಗಿ ಪರಿಶೀಲಿಸುತ್ತದೆ, ಕೇಳಿಕೊಂಡರೂ ಪರಿಶೀಲಿಸಿ ಹೇಳುತ್ತದೆ.

ಪ್ರಕರಣದ ದಿಕ್ಕನ್ನು ನಿರ್ಧರಿಸಿದ್ದು ಮ್ಯಾಡಿಸನ್‌ನ ಆರೋಗ್ಯಾಧಿಕಾರಿಯದೇ ಸಾಕ್ಷ್ಯ ಎಂದು ನನಗೆ ತೋರುತ್ತದೆ. ಕಟ್ಟಳೆಯ ಕರಡು ಸಿದ್ಧಪಡಿಸುವಾಗ ಅವರು ನಗರದ ಮುಂದೆ ಎರಡೂ ರೂಪಗಳನ್ನು ಇಟ್ಟಿದ್ದರು, ದೂರದ ಮಿತಿ ಇರುವ ಒಂದು, 11ನೇ ವಿಧಿಯನ್ನು ಅನುಸರಿಸಿದ ಇನ್ನೊಂದು. ಎರಡರಲ್ಲಿ ಯಾವುದಾದರೂ ಮ್ಯಾಡಿಸನ್ ಜನರಿಗೆ ಸಾಕಷ್ಟು ರಕ್ಷಣೆ ಸಿಗುತ್ತಿತ್ತು, ತಾನು ಇದೇ ಆಗಬೇಕೆಂದು ಹೇಳಿರಲಿಲ್ಲ ಎಂದು ಅವರು ನ್ಯಾಯಾಲಯದಲ್ಲಿ ನುಡಿದರು. ತನ್ನ ನಗರದ ವಿರುದ್ಧ ಹೋಗಬಹುದಾದ ಮಾತನ್ನು ಮುಚ್ಚಿಡದೆ ಹೇಳಿದ ಆ ಅಧಿಕಾರಿಯ ಬಗ್ಗೆ ನನಗೆ ಗೌರವವಿದೆ. ಆರೋಗ್ಯಕ್ಕೆ ಎರಡೂ ಸಮ ಎಂದಾದ ಮೇಲೆ ನಗರಸಭೆ ಐದು ಮೈಲಿಯ ಗೆರೆಯನ್ನೇ ಆರಿಸಿಕೊಂಡದ್ದಕ್ಕೆ ಆರೋಗ್ಯದ ಕಾರಣ ಉಳಿಯಲಿಲ್ಲ.

ಬ್ಲ್ಯಾಕ್ ಎತ್ತಿದ ಆಕ್ಷೇಪ

ಮೂವರು ಒಪ್ಪಲಿಲ್ಲ. ಹ್ಯೂಗೊ ಬ್ಲ್ಯಾಕ್ ಭಿನ್ನ ತೀರ್ಪು ಬರೆದರು, ವಿಲಿಯಂ ಡಗ್ಲಸ್ ಮತ್ತು ಷೆರ್ಮನ್ ಮಿಂಟನ್ ಅವರೊಂದಿಗೆ ನಿಂತರು. ಡೀನ್ ಹಾಲನ್ನು ಹೊರಗಿಟ್ಟದ್ದು ಕಟ್ಟಳೆಯಲ್ಲ, ಇಲಿನಾಯ್‌ನಲ್ಲೇ ಪಾಶ್ಚರೀಕರಿಸುತ್ತೇನೆಂಬ ಕಂಪನಿಯ ಇಚ್ಛೆ ಎಂಬುದು ಅವರ ಮೊದಲ ಮಾತು. ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ತನ್ನ ಎರಡು ಘಟಕಗಳನ್ನು ಬಿಟ್ಟು ಮ್ಯಾಡಿಸನ್‌ನ ಘಟಕಕ್ಕೆ ಹಾಲು ಸಾಗಿಸಬೇಕೆಂದರೆ, ಮಾರುಕಟ್ಟೆಯೊಳಗೆ ಕಾಲಿಡುವ ಮೊದಲೇ ಸ್ಥಳೀಯ ಪೈಪೋಟಿದಾರನ ಕೈಗೆ ಹಣ ಕೊಡಬೇಕು ಎಂದಂತೆ.

ಆದರೆ ಶುಲ್ಕದ ಬಗ್ಗೆ ಅವರು ಹೇಳಿದ್ದನ್ನು ಸುಲಭವಾಗಿ ತಳ್ಳಿಹಾಕಲಾಗದು. ಶುಲ್ಕ ಎಷ್ಟು ಎಂದು ಲೆಕ್ಕ ಹಾಕುವುದರಲ್ಲಿ, ಅದನ್ನು ವಸೂಲಿ ಮಾಡುವುದರಲ್ಲಿ ಮುಗಿಯದ ವ್ಯಾಜ್ಯಗಳು ಹುಟ್ಟುತ್ತವೆ ಎಂದು ಅನುಭವವೇ ಹೇಳುತ್ತದೆ ಎಂದು ಬರೆದ ಅವರು, ಬಹುಮತ ಆಧಾರವಾಗಿ ತೋರಿಸಿದ ಸೌತ್ ಬೆಂಡ್ ಪ್ರಕರಣವನ್ನೇ ಅದಕ್ಕೆ ಉದಾಹರಣೆಯಾಗಿ ಕೊಟ್ಟರು. ಊರೂರುಗಳಲ್ಲಿ ಚೆನ್ನಾಗಿ ನಡೆಯುತ್ತಿರುವ ಹಾಲಿನ ತಪಾಸಣೆಯನ್ನು ಇಂಥ ಕೆಸರಿಗೆ ಎಳೆಯಬಾರದು ಎಂದರು. ಜೊತೆಗೆ ಒಂದು ಸರಳ ಪ್ರಶ್ನೆ ಕೇಳಿದರು: ಶುಲ್ಕ ಕಟ್ಟುವುದು ಮ್ಯಾಡಿಸನ್‌ನಲ್ಲಿ ಪಾಶ್ಚರೀಕರಿಸುವುದಕ್ಕಿಂತ ಅಗ್ಗ ಎಂದು ದಾಖಲೆಯಲ್ಲಿ ಎಲ್ಲಿದೆ? ಎಲ್ಲಿಯೂ ಇರಲಿಲ್ಲ. ಮಾದರಿ ಕಟ್ಟಳೆಯ ಗುಣಮಟ್ಟ ಕನಿಷ್ಠ ಮಟ್ಟ ಮಾತ್ರ, ಷಿಕಾಗೋ ಮಾನದಂಡದ ಹಾಲು ಮ್ಯಾಡಿಸನ್‌ನ ಷರತ್ತುಗಳನ್ನು ಮುಟ್ಟುತ್ತಿರಲಿಲ್ಲ ಎನ್ನುವುದಕ್ಕೆ ನೇರ ಸಾಕ್ಷ್ಯವಿದೆ ಎಂದೂ ಸೇರಿಸಿದರು.

ಶುಲ್ಕವನ್ನು ಲೆಕ್ಕ ಹಾಕಿ ನೋಡಿದರೆ

ಬ್ಲ್ಯಾಕ್ ಅವರ ಪ್ರಶ್ನೆಯನ್ನು ಬಹುಮತ ಉತ್ತರಿಸದೆ ಬಿಟ್ಟಿತು. ಡೀನ್‌ಗೆ ಮ್ಯಾಡಿಸನ್ ಶುಲ್ಕ ವಿಧಿಸುತ್ತದೆ ಎಂದು ಇಟ್ಟುಕೊಳ್ಳೋಣ. 950 ತೋಟಗಳು, ಎರಡು ಘಟಕಗಳು. ಆ ತೋಟಗಳ ಹಾಲು ಘಟಕದಲ್ಲಿ ಒಂದಾಗುತ್ತದೆ, ಮ್ಯಾಡಿಸನ್‌ಗೆ ಹೋಗುವ ಬಾಟಲಿಯಲ್ಲಿ ಯಾರ ಕೊಟ್ಟಿಗೆಯ ಹಾಲಿದೆ ಎಂದು ಬೇರೆ ಮಾಡಲು ಬರುವುದಿಲ್ಲ. ಹಾಗಾಗಿ ಕಂಪನಿ ಮ್ಯಾಡಿಸನ್‌ಗೆ ಕಳಿಸುವುದು ತನ್ನ ಹಾಲಿನ ಸಣ್ಣ ಪಾಲಾದರೂ ತಪಾಸಣೆ ಎಲ್ಲ ತೋಟಗಳದ್ದೂ ಆಗಬೇಕು. ಖರ್ಚು ತೋಟಗಳ ಎಣಿಕೆಯ ಮೇಲೆ ಏರುತ್ತದೆ, ಆದಾಯ ಮಾತ್ರ ಮ್ಯಾಡಿಸನ್‌ನಲ್ಲಿ ಮಾರಾಟವಾದ ಬಾಟಲಿಗಳ ಮೇಲೆ ನಿಲ್ಲುತ್ತದೆ. ದೊಡ್ಡ ಕಂಪನಿ ಹೇಗೋ ತಾಳಿಕೊಂಡೀತು. ಹತ್ತಾರು ಕೊಟ್ಟಿಗೆಗಳಿಂದ ಹಾಲು ಕೂಡಿಸಿ ಎರಡು ಊರುಗಳಿಗೆ ಹಾಕುವ ಸಣ್ಣ ವಿತರಕ ಎರಡೂ ಊರುಗಳ ತಪಾಸಕರ ವೆಚ್ಚ ಹೊರಬೇಕಾದರೆ ಒಂದು ಊರನ್ನು ಬಿಡುತ್ತಾನೆ.

ಮತ್ತೊಂದು ತೊಡಕಿದೆ. ಐದು ಮೈಲಿಯೊಳಗಿನ ಘಟಕದ ತಪಾಸಣೆಗೆ ನಗರದ ತೆರಿಗೆ ಹಣ ಖರ್ಚಾಗಿ, ಹೊರಗಿನವನು ಮಾತ್ರ ಶುಲ್ಕ ಕಟ್ಟುವುದಾದರೆ ಅದೂ ತಾರತಮ್ಯವಲ್ಲವೇ? ಸ್ಥಳೀಯ ಘಟಕದವನು ನಗರಕ್ಕೆ ತೆರಿಗೆ ಕಟ್ಟಿದ್ದಾನೆ, ಹೊರಗಿನವನು ಕಟ್ಟಿಲ್ಲ ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೂ ಆ ಸಮರ್ಥನೆ ನಿಲ್ಲಬೇಕಾದರೆ ನಗರ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಡಬೇಕು. ತಪಾಸಕನ ದಾರಿಖರ್ಚು, ಅವನ ಸಮಯ, ಮಾದರಿಗಳ ಪರೀಕ್ಷೆ ಇವು ಶುಲ್ಕದೊಳಗೆ ಬರಬಹುದು. ಆರೋಗ್ಯ ಇಲಾಖೆಯ ಕಟ್ಟಡದ ಬಾಡಿಗೆ, ಬೇರೆ ಶಾಖೆಯ ಗುಮಾಸ್ತರ ಸಂಬಳ ಬರಕೂಡದು.

ಇಷ್ಟೆಲ್ಲ ಇದ್ದರೂ ನಾನು ಬಹುಮತದ ಕಡೆಗೇ ನಿಲ್ಲುತ್ತೇನೆ. ಶುಲ್ಕದ ಮೊತ್ತವನ್ನು ಪ್ರಶ್ನಿಸಲು ಬರುತ್ತದೆ. ಇಷ್ಟು ಏಕೆ, ಯಾವ ಬಾಬತ್ತಿಗೆ, ತಪಾಸಕ ಎಷ್ಟು ಸಲ ಬಂದ ಎಂದು ಹಾಲು ಹಾಕುವವನು ಕೇಳಬಹುದು, ನಗರ ರಸೀದಿ, ದಿನಚರಿ ತೋರಿಸಿ ಉತ್ತರಿಸಲೇಬೇಕು. ಐದು ಮೈಲಿ ಏಕೆ, ಆರೇಕಲ್ಲ ಎಂದು ಕೇಳಿದರೆ ನಗರದ ಬಳಿ ತೋರಿಸಲು ಏನೂ ಇರುವುದಿಲ್ಲ. ಬ್ಲ್ಯಾಕ್ ಹೆದರಿದ ವ್ಯಾಜ್ಯಗಳು ನಿಜವೇ ಇರಬಹುದು, ಆದರೆ ಆ ವ್ಯಾಜ್ಯಗಳಲ್ಲಿ ಕನಿಷ್ಠ ಲೆಕ್ಕಪುಸ್ತಕ ತೆರೆಯುತ್ತದೆ. ದಿನನಿತ್ಯದ ಬಳಕೆಗೆ ಮಾತ್ರ ಎರಡನೆಯ ದಾರಿಯೇ ಉತ್ತಮ: ಒಂದು ಊರಿನ ಸಮರ್ಥ ತಪಾಸಣೆಯನ್ನು ಇನ್ನೊಂದು ಊರು ನಂಬಬೇಕು, ನಂಬಿಕೆಗೆ ಆಧಾರವಾಗಿ ಮೂರನೆಯವರ ಪರಿಶೀಲನೆ ಇರಬೇಕು. ಅಮೆರಿಕ ಹೋದದ್ದೂ ಆ ಕಡೆಗೇ. ತೀರ್ಪಿಗೆ ಮುಂಚೆಯೇ, 1950ರಲ್ಲಿ, ಅಂತರರಾಜ್ಯ ಹಾಲು ಸಾಗಣೆಯ ರಾಷ್ಟ್ರೀಯ ಸಮಾವೇಶ ಸೇಂಟ್ ಲೂಯಿಸ್‌ನಲ್ಲಿ ಮೊದಲ ಬಾರಿಗೆ ಸೇರಿತ್ತು. ರಾಜ್ಯಗಳು ಪರಸ್ಪರರ ತಪಾಸಣೆಯನ್ನು ಒಪ್ಪಿಕೊಳ್ಳುವ ವ್ಯವಸ್ಥೆ ಅಲ್ಲಿಂದ ಬೆಳೆಯಿತು.

ಉಡುಪಿಯ ಕಡೆಯಿಂದ ನೋಡಿದರೆ

ಶುಲ್ಕ ವೆಚ್ಚಕ್ಕೆ ತಕ್ಕಂತಿರಬೇಕು ಎಂಬ ವಿಚಾರ ನಮಗೆ ಹೊಸದಲ್ಲ. ಮ್ಯಾಡಿಸನ್ ತೀರ್ಪಿನ ಮೂರು ವರ್ಷಗಳ ನಂತರ, 1954ರಲ್ಲಿ, ಭಾರತದ ಸುಪ್ರೀಂ ಕೋರ್ಟ್ ಶೀರೂರು ಮಠದ ಪ್ರಕರಣದಲ್ಲಿ ಇದನ್ನೇ ವಿವರವಾಗಿ ಚರ್ಚಿಸಿತು. ಉಡುಪಿ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಧಾರ್ಮಿಕ ದತ್ತಿಗಳ ಕಾಯ್ದೆಯಡಿ ಮಠಗಳಿಂದ ವಸೂಲಿಯಾಗುತ್ತಿದ್ದ ಹಣವನ್ನು ಸರ್ಕಾರ ಶುಲ್ಕ ಎಂದು ಕರೆದಿತ್ತು. ಶುಲ್ಕವೆಂದರೆ ಸಲ್ಲಿಸಿದ ಸೇವೆಗೆ ಪಡೆಯುವ ಹಣ, ಸೇವೆಯ ವೆಚ್ಚಕ್ಕೂ ಅದಕ್ಕೂ ಸಂಬಂಧವಿರಬೇಕು, ಆ ಹಣ ಸಾಮಾನ್ಯ ಖಜಾನೆಯಲ್ಲಿ ಬೆರೆತುಹೋದರೆ ಅದು ತೆರಿಗೆಯೇ ಎಂದು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿ ತೀರ್ಪು ಬರೆದರು. ನಮ್ಮ ಪುರಸಭೆ, ನಗರಪಾಲಿಕೆಗಳ ಪರವಾನಗಿ ಶುಲ್ಕದ ವ್ಯಾಜ್ಯಗಳಲ್ಲಿ ವಕೀಲರು ಬಹುಕಾಲ ಎತ್ತಿ ತೋರಿಸುತ್ತಿದ್ದ ತೀರ್ಪು ಅದು. ಪೈಸೆಗೆ ಪೈಸೆ ತಾಳೆಯಾಗಬೇಕಿಲ್ಲ, ಸ್ಥೂಲ ಸಂಬಂಧವಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 1983ರ ಹೊತ್ತಿಗೆ ಈ ಮಾತನ್ನು ಸಡಿಲಿಸಿತು. ನನ್ನ ದೃಷ್ಟಿಯಲ್ಲಿ ಆ ಸಡಿಲಿಕೆಯಿಂದ ಸಣ್ಣ ವ್ಯಾಪಾರಿಗೆ ನಷ್ಟವಾಗಿದೆ.

ಹಾಲಿನ ಮಟ್ಟಿಗೆ ಈಗ ನಮ್ಮಲ್ಲಿ ಅಳತೆಗೋಲು ಬೇರೆಯಾಗಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ 2011ರಲ್ಲಿ ಬಂದ ಪರವಾನಗಿ ನಿಯಮಗಳು ದೂರವನ್ನು ನೋಡಲಿಲ್ಲ, ಪ್ರಮಾಣವನ್ನು ನೋಡಿದವು. ದಿನಕ್ಕೆ 500 ಲೀಟರ್‌ವರೆಗೆ ಹಾಲು ಸಂಗ್ರಹಿಸುವವರಿಗೆ ಆ ನಿಯಮಗಳಲ್ಲಿ ವರ್ಷಕ್ಕೆ 100 ರೂಪಾಯಿಯ ನೋಂದಣಿ ಇತ್ತು, ಅದನ್ನು ಮೀರಿದರೆ ಪರವಾನಗಿ ಬೇಕಿತ್ತು. ಸಹಕಾರ ಸಂಘದ ಸದಸ್ಯನಾಗಿ ತನ್ನ ಹಾಲನ್ನೆಲ್ಲ ಸಂಘಕ್ಕೇ ಹಾಕುವ ರೈತನಿಗೆ ನೋಂದಣಿಯಿಂದ ವಿನಾಯಿತಿ. ಕರ್ನಾಟಕದ ಹಳ್ಳಿಗಳಲ್ಲಿ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಲಕ್ಷಾಂತರ ಮನೆಗಳಿಗೆ ಅನ್ವಯಿಸುವುದು ಈ ವಿನಾಯಿತಿಯೇ. ನೋಂದಾಯಿತ ಘಟಕಗಳನ್ನು ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕೆಂದು 2011ರ ಅದೇ ನಿಯಮ ಹೇಳಿತ್ತು. ಬಿಡಿ ಹಾಲು ಮಾರುವವನು 100 ರೂಪಾಯಿ ಕಟ್ಟಿ, ವರ್ಷ ಕಳೆದರೂ ತಪಾಸಕನ ಮುಖ ಕಾಣದಿದ್ದರೆ, ಹಣ ಸಣ್ಣದಾದರೂ ಅದನ್ನು ಶುಲ್ಕ ಎನ್ನಲು ನನಗೆ ಮನಸ್ಸು ಬಾರದು. ಅವನಿಂದ ಹಾಲು ಕೊಳ್ಳುವ ಮನೆಯವರಿಗೂ ಆ ತಪಾಸಣೆ ಸಲ್ಲಬೇಕಾದ ಸೇವೆ.

ತೀರ್ಪಿನ ನಂತರ

ಐದು ಮೈಲಿಯ ವಿಧಿ ಬಿದ್ದುಹೋಯಿತು. 25 ಮೈಲಿಯ ವಿಧಿಯನ್ನು ಸುಪ್ರೀಂ ಕೋರ್ಟ್ ತಾನೇ ತೀರ್ಮಾನಿಸದೆ, ಈ ತತ್ತ್ವಗಳ ಬೆಳಕಿನಲ್ಲಿ ಮತ್ತೆ ನೋಡಿ ಎಂದು ವಿಸ್ಕಾನ್ಸಿನ್‌ಗೆ ವಾಪಸು ಕಳಿಸಿತು.

ಶುಲ್ಕದ ವಾಕ್ಯ 1976ರಲ್ಲಿ ಮತ್ತೆ ಬಂತು. ಲೂಸಿಯಾನಾದ ಕೆಂಟ್‌ವುಡ್ ಎಂಬಲ್ಲಿ ಸಂಸ್ಕರಿಸಿದ ಹಾಲನ್ನು ಮಿಸಿಸಿಪ್ಪಿ ರಾಜ್ಯ ಒಳಗೆ ಬಿಡಲಿಲ್ಲ. ನಮ್ಮ ಹಾಲನ್ನು ನೀವು ಒಪ್ಪುವ ಪರಸ್ಪರ ಒಪ್ಪಂದಕ್ಕೆ ಲೂಸಿಯಾನಾ ಸಹಿ ಹಾಕಿಲ್ಲ ಎಂಬುದು ಅದರ ಕಾರಣ. ಲೂಸಿಯಾನಾದ ತಪಾಸಣೆಯ ಮೇಲೆ ನಂಬಿಕೆ ಇಲ್ಲದಿದ್ದರೆ ಮಿಸಿಸಿಪ್ಪಿ ತನ್ನ ತಪಾಸಕರನ್ನೇ ಕಳಿಸಲಿ, ಅದರ ವಾಸ್ತವಿಕ ಮತ್ತು ಯುಕ್ತ ವೆಚ್ಚವನ್ನು ಹಾಲು ತರುವವರಿಂದ ಪಡೆಯಲಿ ಎಂದು ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್ ಮ್ಯಾಡಿಸನ್ ತೀರ್ಪಿನ ಮಾತನ್ನೇ ಉದ್ಧರಿಸಿ ಬರೆದರು. ಈ ಬಾರಿ ಯಾವ ನ್ಯಾಯಮೂರ್ತಿಯೂ ಭಿನ್ನ ತೀರ್ಪು ಬರೆಯಲಿಲ್ಲ.